ಉಬ್ಬಸದ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

"ಸಾಯಂಕಾಲದೊಳಗೆ ಈ ಕಾರಿನ ಉಬ್ಬಸ ವಾಸಿ ಮಾಡದಿದ್ದರೆ ನಾನು ಇಂಜಿನಿಯರೇ ಅಲ್ಲ ಅಂತ ತಿಳ್ಕೋ" ಎಂದು ವೆಂಕಟೇಶಮೂರ್ತಿಗಳು ಶಿವನಸಮುದ್ರದ ಬ್ಲಫ್‌ನ ಕ್ವಾರ್ಟರ್ಸ್ ಮುಂದೆ ನಿಂತು ಮೀಸೆ ತಿರುವುತ್ತಾ ಹೆಂಡತಿಗೆ ಸವಾಲು ಹಾಕಿದರು.

"ವಾಸಿಯಾಗದಿದ್ದರೆ ನಾಳೆ ಬಸ್ಸಿದೆ" ಎಂದು ರಂಗನಾಯಕಿ ಒಳಗೆ ಹೋದಳು.

ನಾಳೆ ಎಂದರೆ ಸಾಮಾನ್ಯ ದಿನವಲ್ಲ. ಮಳವಳ್ಳಿಯಲ್ಲಿ ಮೇಷ್ಟರಾಗಿದ್ದ ಅವಳ ತಮ್ಮ ಸಂಪತ್ ಕುಮಾರನಿಗೆ ಮಂಡ್ಯದಲ್ಲಿ ಹೆಣ್ಣು ನೋಡುವ ದಿನ. ಎರಡು ಕಡೆ ಜಾತಕ ಕೂಡದೆ ವಾಪಸ್ಸಾಗಿ, ಮೂರನೆಯದು ಇದು. ತಂದೆ ತಾಯಿ ಇಲ್ಲದ ಹುಡುಗನಿಗೆ ಅಕ್ಕ ಭಾವನೇ ಹಿರಿಯರು. ಅಂಥ ಭಾವ ಸ್ವಂತ ಕಾರಿಟ್ಟುಕೊಂಡು ಬೀಗರ ಮನೆ ಮುಂದೆ ಬಸ್ಸಿಳಿದು ನಿಲ್ಲುವುದೇ?

ಪವರ್‌ಹೌಸಿಗೆ ಮಷೀನು ಕೂರಿಸಲು ಬಂದಿದ್ದ ಜರ್ಮನಿಯವನೊಬ್ಬ ಊರಿಗೆ ಹೊರಡುವಾಗ ಮೂರ್ತಿಗಳಿಗೆ ಬಿಟ್ಟುಹೋದ ಕಾರು ಅದು. ಆಕ್ಸಿಲರೇಟರ್ ಒತ್ತಿದರೆ ಮುಕ್ಕರಿಸುತ್ತಿತ್ತು, ಕೆಮ್ಮುತ್ತಿತ್ತು, ಕೊನೆಗೆ ಉಸಿರು ಬಿಡುತ್ತಿತ್ತು. ಮಳವಳ್ಳಿಯ ಮೆಕ್ಯಾನಿಕ್ ಕೆಂಪಯ್ಯ ಬಾನೆಟ್ ಎತ್ತಿದವನೇ ಹಾಗೇ ಇಳಿಸಿದ್ದ. "ಸಾಮಿ, ಇದ್ಕೆ ಕಾರ್ಬೊರೇಟ್ರೇ ಇಲ್ಲ. ಬಾಯೇ ಇಲ್ದೋನ್ಗೆ ಔಸ್ದಿ ಎಲ್ಲಿಗೆ ಉಯ್ಯನ? ಬುಡಿ ಅತ್ಲಾಗೆ."

ಆದರೆ ಕಾರಿನ ಜೊತೆ ಬಂದ ಪುಸ್ತಕದ ಚಿತ್ರಗಳನ್ನು ನೋಡಿ ಮೂರ್ತಿಗಳು ಗುಟ್ಟು ಹಿಡಿದಿದ್ದರು. ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಡಬ್ಬಿ. ಅದರೊಳಗೆ ಒಂದು ರೆಕ್ಕೆ. ಎಷ್ಟು ಗಾಳಿ ಬಂತು ಅಂತ ಆ ರೆಕ್ಕೆ ಅಳೆದು ಕರೆಂಟಿನ ಮೂಲಕ ಹೇಳಬೇಕು, ಅಷ್ಟಕ್ಕೆ ತಕ್ಕ ಪೆಟ್ರೋಲು ಹೋಗಬೇಕು. ಅಂದರೆ ಅದು ಒಂದು ಮೀಟರು. ಶಿವನಸಮುದ್ರದ ಪವರ್‌ಹೌಸಿನಲ್ಲಿ ಇಷ್ಟು ವರ್ಷ ಮೀಟರುಗಳ ಕಿವಿ ಹಿಂಡಿದ ಮನುಷ್ಯನ ಮುಂದೆ ಅಂಗೈಯಗಲದ ಮೀಟರೊಂದು ಸುಳ್ಳು ಹೇಳುವುದೇ?

ಡಬ್ಬಿ ಬಿಚ್ಚಿದರು. ಒಳಗೆ ಕಪ್ಪು ಮಸಿ ಕೂತಿತ್ತು, ಒರೆಸಿದರು. ಟೆಸ್ಟರಿನ ಮುಳ್ಳುಗಳನ್ನು ಡಬ್ಬಿಗೆ ತಂತಿ ಸೇರಿಸುವ ಪ್ಲಗ್ಗಿನ ತೂತು ತೂತಿಗೂ ಚುಚ್ಚಿ ಲೆಕ್ಕ ನೋಡಿದರು. ಎಲ್ಲ ಸರಿಯಾಗಿತ್ತು. ಆದರೂ ಸಮಾಧಾನವಾಗದೆ ಇನ್ನೊಂದು ಸಲ, ಸ್ವಲ್ಪ ಒತ್ತಿಯೇ ಚುಚ್ಚಿದರು. ಸಂಜೆ ಸ್ಟಾರ್ಟ್ ಮಾಡಿದರೆ ಕಾರು ಹಸುಗೂಸಿನ ಹಾಗೆ ಉಸಿರಾಡಿತು.

ಬೆಳಿಗ್ಗೆ ಮಳವಳ್ಳಿಯಲ್ಲಿ ಸಂಪತ್‌ನನ್ನು ಹತ್ತಿಸಿಕೊಂಡರು. ಗರಿಗರಿ ಪಂಚೆ, ಹಣೆಯಲ್ಲಿ ನಾಮ, ಮುಖದಲ್ಲಿ ಭಯ. ಮದ್ದೂರಿನ ಹತ್ತಿರ ಕಬ್ಬಿನ ಗಾಡಿಯೊಂದಕ್ಕೆ ದಾರಿ ಬಿಡಲು ಕಾರು ಹಳ್ಳಕ್ಕಿಳಿದು ದಡಕ್ಕನೆ ಮೇಲೆದ್ದಿತು. ಎದ್ದದ್ದೇ ನಿಂತುಹೋಯಿತು.

"ವಾಸಿಯಾಗಿತ್ತಲ್ಲ?" ಎಂದಳು ರಂಗನಾಯಕಿ.

"ಇದು ಬೇರೆ ಕಾಯಿಲೆ" ಎಂದರು ಮೂರ್ತಿಗಳು.

ಬಾನೆಟ್ ಎತ್ತಿ ಟೆಸ್ಟರ್ ಹಿಡಿದರೆ ಎಲ್ಲವೂ ಸರಿ. ಹೊರಟರೆ ಸ್ವಲ್ಪ ದೂರಕ್ಕೆ ಮತ್ತೆ ನಿಂತಿತು. ನಿಂತಾಗ ಆರೋಗ್ಯ, ನಡೆದರೆ ರೋಗ. ಡಬ್ಬಿಯ ಪ್ಲಗ್ಗನ್ನು ಬೆರಳಿಂದ ಅಲುಗಾಡಿಸಿದಾಗ ಗುಟ್ಟು ಹೊರಬಿತ್ತು. ಒಳಗೊಂದು ಪಿನ್ನು ಸಡಿಲವಾಗಿತ್ತು. ನೆಟ್ಟಗಿದ್ದದ್ದನ್ನು ನಿನ್ನೆ ಚುಚ್ಚಿ ಚುಚ್ಚಿ ಸಡಿಲ ಮಾಡಿದವರು ಯಾರು ಎಂಬುದು ಮೂರ್ತಿಗಳಿಗೆ ತಕ್ಷಣ ಹೊಳೆಯಿತು. ಅದನ್ನು ಹೆಂಡತಿಗೆ ಹೇಳುವ ಅಗತ್ಯ ಮಾತ್ರ ಅವರಿಗೆ ಕಾಣಲಿಲ್ಲ.

ಹೆಣ್ಣಿಗೆಂದು ತಂದಿದ್ದ ಮಲ್ಲಿಗೆಯ ಪೊಟ್ಟಣದ ಬಾಳೆನಾರು ಬಿಚ್ಚಿ ಪ್ಲಗ್ಗನ್ನು ಬಿಗಿದು ಕಟ್ಟಿದರು. ಮಂಡ್ಯದವರೆಗೂ ನಾರು ಮರ್ಯಾದೆ ಕಾಪಾಡಿತು. ಹೆಣ್ಣಿನ ಮನೆ ಕಾಣುವ ಹೊತ್ತಿಗೆ ಇಂಜಿನ್ನಿನ ಕಾವಿಗೆ ಪಟ್ಟೆಂದಿತು. ಕೊನೆಗೆ ಮದುವೆ ಗಂಡು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ನೂಕಿ, ಕಾರನ್ನು ಗೇಟಿಗೆ ಮುಟ್ಟಿಸಿದ.

"ನೀವು ನಡೀರಿ, ಇದನ್ನೊಂದು ನೋಡಿ ಬಂದೆ" ಎಂದು ಮೂರ್ತಿಗಳು ಕೊಳೆಯಾಗದಿರಲೆಂದು ಷರಟು ಬಿಚ್ಚಿಟ್ಟು, ಬನಿಯನ್ನಿನಲ್ಲಿ ತಲೆಗೊಂದು ಟವೆಲ್ ಸುತ್ತಿ ಬಾನೆಟ್ಟಿನೊಳಗೆ ಮುಳುಗಿದರು. ಪಿನ್ನು ಬಗ್ಗಿಸಿ ಕೂರಿಸುವಷ್ಟರಲ್ಲಿ ಮೊಣಕೈವರೆಗೂ ಮಸಿ.

ತೆರೆದ ಕಿಟಕಿಯಿಂದ ಹೆಣ್ಣಿನ ತಾಯಿ ಪಂಕಜಮ್ಮನ ದನಿ ಕೇಳಿಸಿತು. "ನಿಮ್ಮ ಯಜಮಾನರು ಬರಲಿಲ್ಲವೇ?"

ಮಸಿ ಮೆತ್ತಿದ ಗಂಡನ ಕಡೆ ಕಿಟಕಿಯಿಂದ ರಂಗನಾಯಕಿಯ ಮುಖ ಒಮ್ಮೆ ಹಣಕಿ ಮರೆಯಾಯಿತು. ಆಮೇಲೆ ಅವಳ ಜೇನಿನಂಥ ದನಿ. "ಹೊರಟಿದ್ದರು ಪಾಪ. ಪವರ್‌ಹೌಸಿನಿಂದ ಕರೆ ಬಂತು. ಅವರಿಲ್ಲದೆ ಅಲ್ಲಿ ಏನೂ ನಡೆಯಲ್ಲ ನೋಡಿ."

ಮೂರ್ತಿಗಳ ಕೈಯಿಂದ ಸ್ಪ್ಯಾನರ್ ಜಾರಿತು. ಈಗ ಷರಟು ಹಾಕಿಕೊಂಡು ಒಳಗೆ ಹೋದರೆ ಹೆಂಡತಿ ಸುಳ್ಳಿ, ಸಂಬಂಧ ಮಣ್ಣುಪಾಲು. ಟವೆಲನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡು ಅಲ್ಲೇ ನಿಂತರು.

ಸ್ವಲ್ಪ ಹೊತ್ತಿಗೆ ಹೆಣ್ಣಿನ ತಂದೆ ಕಸ್ತೂರಿರಂಗಯ್ಯನವರು ಎಲೆಯಲ್ಲಿ ಕೇಸರಿಬಾತು ಹಿಡಿದು ತಾವೇ ಬಂದರು. "ತಗೋಪ್ಪ, ಡ್ರೈವರ್ ಹಸಿದುಕೊಂಡಿರಬಾರದು" ಎಂದು ಕೊಟ್ಟು, ಸುತ್ತ ನೋಡಿ, ದನಿ ತಗ್ಗಿಸಿದರು. "ಒಂದು ಮಾತು ನಿಜ ಹೇಳು. ಹುಡುಗ ಹೇಗೆ?"

"ಚಿನ್ನದಂಥ ಹುಡುಗ, ಸ್ವಾಮಿ."

"ಆ ಭಾವ ಇಂಜಿನಿಯರಂತಲ್ಲ, ಅವರು ಹೇಗೆ?"

ಇಂಥ ಅವಕಾಶ ಯಾರಿಗೆ ಸಿಗುತ್ತದೆ? ಮೂರ್ತಿಗಳು ಎದೆ ಸೆಟೆಸಿದರು. "ಭಾರಿ ಬುದ್ಧಿವಂತರು ಸ್ವಾಮಿ. ಅಂಥ ತಲೆ ಈ ಜಿಲ್ಲೆಯಲ್ಲೇ ಇಲ್ಲ."

ಕಸ್ತೂರಿರಂಗಯ್ಯನವರು ಕಾರನ್ನು ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ನೋಡಿದರು. "ಹಾಗಾದರೆ ಈ ಕಾರು ಯಾಕೆ ತಗೊಂಡರು?"

ಮೂರ್ತಿಗಳು ಕೇಸರಿಬಾತನ್ನೊಂದು ತುತ್ತು ನುಂಗಿದರು. "ಅದೇ ಸ್ವಾಮಿ, ನನಗೂ ತಿಳೀದು" ಎಂದರು.

ಹೆಣ್ಣಿನ ತಂದೆ ನಕ್ಕು ಬೆನ್ನು ತಟ್ಟಿದರು. "ಸತ್ಯವಂತ ಕಣಯ್ಯ ನೀನು. ಡ್ರೈವರೇ ಹೀಗಿದ್ದಮೇಲೆ ಮನೆಯವರೂ ಒಳ್ಳೆಯವರೇ ಇರಬೇಕು." ಹಾಗೆಂದು ಒಳಗೆ ಹೋಗಿ ತಾಂಬೂಲದ ತಟ್ಟೆ ತರಿಸಿದರು.

ಹೊರಡುವಾಗ ಸಂಪತ್ ಖುಷಿಯಲ್ಲಿ ಓಡಿಬಂದು "ಭಾ..." ಎಂದು ಬಾಯಿ ತೆರೆದ. ಅಕ್ಕ ಕೆಮ್ಮಿದಳು. "ಬಾ...ರಪ್ಪ, ಗಾಡಿ ತೆಗಿ" ಎಂದು ಸಂಭಾಳಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು.

ಊರು ದಾಟಿದ ಮೇಲೆ ರಂಗನಾಯಕಿ ಹೇಳಿದಳು. "ಹುಡುಗಿ ಒಪ್ಪಿದಳು. ನಿಶ್ಚಿತಾರ್ಥಕ್ಕೆ ನಿಮ್ಮ ಯಜಮಾನರನ್ನು ಕರ್ಕೊಂಡು ಬರಲೇಬೇಕು ಅಂದಿದ್ದಾರೆ."

"ನೀನೇನಂದೆ?"

"ಖಂಡಿತ ಬರ್ತಾರೆ, ಬಸ್ಸಲ್ಲಿ ಬರ್ತೀವಿ ಅಂದೆ. ಕಾರು ತಂದರೆ ಡ್ರೈವರ್ ಎಲ್ಲಿ ಅಂತ ಕೇಳ್ತಾರಲ್ಲ?" ಎಂದು ಗಂಡನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದಳು. "ಅಷ್ಟರೊಳಗೆ ಆ ಮೀಸೆ ತೆಗೆಸಿಬಿಡಿ."