ಅತ್ತೆ ಬರೆದ ಹೊಳೆ

ನಮ್ಮ ಅತ್ತೆ ಕನಸು ಕಾಣುವುದೆಲ್ಲ ಎಚ್ಚರವಿದ್ದಾಗಲೇ. ನಿದ್ದೆಯಲ್ಲಿ ಮಾತ್ರ ಅವರು ನಮ್ಮ ನಿಮ್ಮಂತೆ ಸುಮ್ಮನೆ ಮಲಗಿರುತ್ತಾರೆ!

ಅತ್ತೆ ಎಂದರೆ ಅಪ್ಪನ ತಂಗಿ. ಹರಿಹರದಲ್ಲಿ ಮಾವನದು ಬಟ್ಟೆ ಅಂಗಡಿ. ಮಗಳ ಮದುವೆ ಮುಗಿಯುತ್ತಲೇ ಅತ್ತೆ ಓದುತ್ತೇನೆಂದು ಹಟ ಹಿಡಿದರು. ಈ ವಯಸ್ಸಿನಲ್ಲಿ ಯಾಕೆ ಎಂದು ಮಾವ ಗೊಣಗಿದರು. ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆಂದು ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ.ಗೆ ಸೇರಿಬಿಟ್ಟರು. ಅದೂ ನನ್ನದೇ ತರಗತಿಗೆ! ಭೂಗೋಳ, ರಾಜ್ಯಶಾಸ್ತ್ರ ಎರಡನ್ನೂ ಒಟ್ಟಿಗೆ ಯಾಕೆ ತಗೊಂಡಿರಿ ಎಂದು ಕೇಳಿದೆ.

"ಒಂದು, ನೆಲ ಹೆಂಗೈತೆ ಅಂತ ಹೇಳ್ತೈತೆ, ಇನ್ನೊಂದು ಅದು ಯಾರ್ದು ಅಂತ. ಎರಡೂ ಗೊತ್ತಿರಬೇಕಲ್ಲವ್ವ?"

ಮೊದಲ ವಾರವೇ ನಾನು ನಿಜಲಿಂಗಪ್ಪ ಬಡಾವಣೆಯಿಂದ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗಾಗಿ ಕಾಯುತ್ತಿದ್ದೆ. ಹರಿಹರದ ಬಸ್ಸು ಬಂತು, ಜನ ಇಳಿದರು, ಬಸ್ಸು ಮುಂದಕ್ಕೆ ಹೊರಟಿತು. ಕಿಟಕಿಯಲ್ಲಿ ಅತ್ತೆ! ನನ್ನನ್ನು ನೋಡಿ ನಕ್ಕು, ಕೈ ಬೀಸಿ, ಚಿತ್ರದುರ್ಗದ ಕಡೆ ಹೊರಟೇಹೋದರು. ಫೋನ್ ಮಾಡಿದರೆ, ಇಲ್ಲಿ ಮಣ್ಣಿನ ಬಣ್ಣವೇ ಬೇರೆಯಾಗಿದೆ, ನೀನೂ ಬರಬೇಕಿತ್ತು ಎಂದರು.

ಇನ್ನು ತರಗತಿಯ ಕಥೆ. ತುಂಗಭದ್ರೆ ಜಿಲ್ಲೆಗಳ ಗಡಿ ತಾನೆ, ಹೊಳೆ ಪಕ್ಕಕ್ಕೆ ಸರಿದರೆ ಗಡಿಯೂ ಸರಿಯುತ್ತದೆಯೇ ಎಂದು ಅತ್ತೆ ಕೇಳಿದರು. ಅದು ರಾಜ್ಯಶಾಸ್ತ್ರದ ಪ್ರಶ್ನೆ ಎಂದರು ಭೂಗೋಳದ ಮೇಷ್ಟ್ರು. ಭೂಗೋಳದ್ದು ಎಂದರು ರಾಜ್ಯಶಾಸ್ತ್ರದ ಮೇಡಂ. ವರ್ಷಗಳಿಂದ ಮಾತು ಬಿಟ್ಟಿದ್ದ ಅವರಿಬ್ಬರೂ ಕೊನೆಗೆ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಚಹಾ ಕುಡಿಯಬೇಕಾಯಿತು. ಗಡಿ ಬಗೆಹರಿಯಲಿಲ್ಲ, ಜಗಳ ಬಗೆಹರಿಯಿತು.

ಆಮೇಲೆ ಪರೀಕ್ಷೆ. ರಾಜ್ಯಕ್ಕೆ ಭೂಪ್ರದೇಶ ಏಕೆ ಅಗತ್ಯ ಎಂಬುದು ಮೊದಲ ಪ್ರಶ್ನೆ. ಅತ್ತೆ ಒಂದು ಸಣ್ಣ ನಕ್ಷೆ ಹಾಕೋಣವೆಂದು ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಯಿಂದ ಹೊಳೆ ಎಳೆಯಲು ಶುರುಮಾಡಿದರು. ತಿರುವು, ಮರಳು, ದಂಡೆಯ ಹೊಲ ಎಂದು ಬರೆಯುತ್ತ ಬರೆಯುತ್ತ ಹರಿಹರದ ಸೇತುವೆ ತಲುಪುವಷ್ಟರಲ್ಲಿ ಕೊನೆಯ ಗಂಟೆ ಹೊಡೆಯಿತು. ಉಳಿದ ಪ್ರಶ್ನೆಗಳನ್ನು ಅವರು ಓದಿಯೂ ಇರಲಿಲ್ಲ.

ರಾಜ್ಯಶಾಸ್ತ್ರದಲ್ಲಿ ಅತ್ತೆ ಫೇಲ್.

ಫಲಿತಾಂಶ ಬಂದ ಮಧ್ಯಾಹ್ನ ಹರಿಹರಕ್ಕೆ ಹೋದೆ. ಅತ್ತೆ ಬದನೆಕಾಯಿ ಪಲ್ಯ ಬಾಡಿಸುತ್ತಿದ್ದರು. ಸದಾ ಎಲ್ಲೋ ದೂರ ಇರುತ್ತಿದ್ದ ಅವರ ಕಣ್ಣು ಅಂದು ಬಾಣಲೆಯನ್ನು ಬಿಟ್ಟು ಕದಲಲಿಲ್ಲ.

"ಸಾಕು ಬಿಡವ್ವ. ಓದು ಓದು ಅಂತ ತಿರುಗಿದ್ದಾತು" ಎಂದರು.

ಅಷ್ಟರಲ್ಲಿ ಮಾವ ಊಟಕ್ಕೆ ಬಂದರು. ಕೈ ತೊಳೆದು ಕೂತು, ಪರೀಕ್ಷೆಯಲ್ಲಿ ಏನು ಬರೆದಳು ಎಂದು ನನ್ನನ್ನು ಕೇಳಿದರು. ಹೇಳಿದೆ. ಬೈಯುತ್ತಾರೆಂದು ಕಾದೆ. ಮಾವ ಅಡುಗೆಮನೆಯೊಳಗೆ ನೋಡಿ ಅತ್ತೆಯನ್ನೇ ಕೇಳಿದರು.

"ಮದುವಿ ಆದ ವರ್ಷ ಉಕ್ಕಡಗಾತ್ರಿಗೆ ಹೋಗಿದ್ವಲ್ಲ. ಹೊಳಿಯಾಗ ಕಾಲು ಬಿಟ್ಕಂಡು ಕಲ್ಲಿನ ಮ್ಯಾಲೆ ಕುಂತಿದ್ವಿ, ನಕ್ಷೆಯಾಗ ಆ ಕಲ್ಲು ಹಾಕಿದ್ಯಾ?"

ಅತ್ತೆ ತಿರುಗದೆಯೇ ಹೇಳಿದರು, "ಅಲ್ಲಿಂದಲೇ ಶುರು ಮಾಡೀನಿ."

"ಹಂಗಾರೆ ಮತ್ತೆ ಕಟ್ಟು ಪರೀಕ್ಷೆ. ಈ ಸಲ ಬರೀ ಅಕ್ಷರ ಬರಿ. ಹೊಳಿ ಮನ್ಯಾಗ ಬರಿಯಂತೆ, ನಾನು ನೋಡ್ತೀನಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲೇ ನಿಂತರು. ಪಲ್ಯ ತಳ ಹಿಡಿಯಿತು. ಮಾವ ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು.