ಅತ್ತೆಯ ಕಿವಿ, ಅಳಿಯನ ಕಣ್ಣು

ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಒಂದೇ ಒಂದು ವಾರ ತಡವಾಗಿ ಆಗಿದ್ದರೆ ನಮ್ಮ ಅನೌನ್ಸರ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದು ಸೋಮವಾರವೇ ಆಗಿಹೋಯಿತು. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಪಾಡ್‌ಕಾಸ್ಟ್ ನಡೆಸುವ ಹುಡುಗಿಯ ಫೋನ್ ಬಂತು. ಹೊಸ ಹಾರರ್ ಸಿನಿಮಾ ಕಳಿಸಿದ್ದೇನೆ, ಮೂರು ಗಂಟೆಯೊಳಗೆ ವಿಮರ್ಶೆ ಬೇಕು, ನಾಲ್ಕಕ್ಕೆ ಪ್ರಸಾರ ಎಂದಳು. ಕೊನೆಗೆ, "ಇದು ಚೆನ್ನಾಗಿ ಬಂದ್ರೆ ಇನ್ಮೇಲೆ ನೀವು ಅತಿಥಿ ಅಲ್ಲ ಸಾರ್, ನಮ್ಮ ಕಾಯಂ ವಿಮರ್ಶಕರು" ಎಂದಳು.

ಅನೌನ್ಸರು ಆ ಮಾತಿಗಾಗಿ ಐದು ತಿಂಗಳಿಂದ ಬಾಯಿಬಿಟ್ಟುಕೊಂಡು ಕಾದಿದ್ದರು.

ಅವರು ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷದಿಂದ ಮೈಕಿನ ಮುಂದೆ ಕೂತವರು. ಬಾವಿಯೊಳಗಿಂದ ಬಂದಂಥ ಗಂಭೀರ ಧ್ವನಿ. ಆದರೆ ಪ್ರಯಾಣಿಕರ ಕಿವಿಗೆ ಅದು ಬೀಳುತ್ತಿದ್ದದ್ದು ಬಸ್ಸು ತಡವಾದಾಗ, ಇಲ್ಲವೆ ಬಸ್ಸೇ ಬಾರದಿದ್ದಾಗ. ಹೀಗಾಗಿ ಹತ್ತೊಂಬತ್ತು ವರ್ಷದಲ್ಲಿ ಆ ಧ್ವನಿಯನ್ನು ಬೈಯದವರಿಲ್ಲ, ಹೊಗಳಿದವರೂ ಇಲ್ಲ. ಒಂದು ದಿನ ಈ ಹುಡುಗಿ ಮೂರು ತಾಸು ಕಾದು ಕೂತಿದ್ದಾಗ "ಮೂರನೆಯ ಅಂಕಣಕ್ಕೆ ಬರಬೇಕಾದ ಬಸ್ಸು ಇನ್ನು ಬರುವುದಿಲ್ಲ" ಎಂಬ ಮಾತು ಕೇಳಿ ಮೈ ಜುಮ್ಮೆಂದು, ನೇರವಾಗಿ ಗಾಜಿನ ಕೋಣೆಗೆ ನುಗ್ಗಿ, ನಮ್ಮ ಪಾಡ್‌ಕಾಸ್ಟಿಗೆ ಬಂದು ದೆವ್ವದ ಸಿನಿಮಾಗಳ ಬಗ್ಗೆ ಮಾತಾಡುತ್ತೀರಾ ಎಂದು ಕೇಳಿದ್ದಳು. ಅನೌನ್ಸರು ತಮ್ಮ ಎದೆಯನ್ನು ಒಂದು ಮಾತೂ ಕೇಳದೆ ಹೂಂ ಎಂದುಬಿಟ್ಟಿದ್ದರು.

ಕೇಳಬೇಕಿತ್ತು. ಏಕೆಂದರೆ ಹಗ್ಗ ಕಂಡರೆ ಹಾವೆನ್ನುವ ಜಾತಿ ಅವರದು. ಹಿತ್ತಿಲ ದೀಪ ಹಾಕಲು ಹೆಂಡತಿಯನ್ನು ಕಳಿಸುವವರು. ಅವರಿಗೆ ಭಯವಾಗದ ಜಾಗ ಲೋಕದಲ್ಲಿ ಒಂದೇ ಒಂದು. ಅದು ನಿಲ್ದಾಣದ ಆ ಗಾಜಿನ ಕೋಣೆ. ನಾಲ್ಕೂ ಕಡೆ ಬೆಳಕು, ನಾಲ್ಕೂ ಕಡೆ ಜನ.

ಹಾಗಾದರೆ ಐದು ವಿಮರ್ಶೆ ಹೇಗೆ ಬಂದವು? ಅತ್ತೆಯಿಂದ. ಅತ್ತೆ ನಿವೃತ್ತ ನರ್ಸು. ಮೂವತ್ತು ವರ್ಷ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರು, ಸತ್ತವರಿಗೂ ಬದುಕಿದ್ದವರಿಗೂ ಒಂದೇ ಅಕ್ಕರೆಯಿಂದ ಹೊದಿಕೆ ಸರಿಮಾಡಿದವರು. ಅವರು ಹಾಲಿನಲ್ಲಿ ಕೂತು ಸಿನಿಮಾ ನೋಡುವರು. ಅಳಿಯ ಅಡುಗೆಮನೆಯಲ್ಲಿ ಕಿವಿಗೆ ಬೆರಳಿಟ್ಟು ನಿಲ್ಲುವರು. ಸಿನಿಮಾ ಮುಗಿದ ಮೇಲೆ ಅತ್ತೆ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಟ್ಟೆಯ ಅಲಮಾರಿಯೊಳಗೆ ಹೊಕ್ಕು, ಮಡಿಸಿಟ್ಟ ಕಂಬಳಿಗಳ ನಡುವೆ ಪ್ರತಿಧ್ವನಿ ಬಾರದಂತೆ ಕೂತು ರೆಕಾರ್ಡ್ ಮಾಡುವರು.

ಅತ್ತೆಯ ಮಾತುಗಳಾದರೋ, ಯಾವ ದೊಡ್ಡ ವಿಮರ್ಶಕನಿಗೂ ಹೊಳೆಯುವಂಥವಲ್ಲ. "ದೆವ್ವಕ್ಕೆ ಏನು ಬೇಕು ಅಂತ ಯಾರೂ ಕೇಳಲ್ಲ. ರೋಗಿ ಹತ್ರ ಹೋದ ಕೂಡ್ಲೇ ನಾವು ಮೊದಲು ಕೇಳೋದೇ ಅದು" ಎಂದು ಒಮ್ಮೆ ಹೇಳಿದ್ದರು. ಅನೌನ್ಸರು ಅದನ್ನು ತಮ್ಮ ಬಾವಿಯ ಧ್ವನಿಯಲ್ಲಿ ಹೇಳಿದಾಗ ನಾನೂರು ಮಂದಿ ಮೆಚ್ಚಿ ಬರೆದಿದ್ದರು. "ಈ ಮನುಷ್ಯನಿಗೆ ಭಯವೆಂಬುದೇ ಗೊತ್ತಿಲ್ಲ" ಎಂದು ಒಬ್ಬರು ಬರೆದದ್ದನ್ನು ಅನೌನ್ಸರು ದಿನಕ್ಕೆ ಎರಡು ಸಲ ಓದುತ್ತಿದ್ದರು. ಓದುವಾಗ ಅತ್ತೆಯ ಮುಖ ನೋಡುತ್ತಿರಲಿಲ್ಲ, ಆದರೂ ಓದುವುದನ್ನು ಬಿಟ್ಟಿರಲಿಲ್ಲ. ಅತ್ತೆಗೆ ಹೆಸರಿನ ಗೊಡವೆಯೇ ಇರಲಿಲ್ಲ. ಸಿನಿಮಾ ನೋಡಲು ಸಿಗುತ್ತದಲ್ಲ, ಅಷ್ಟು ಸಾಕು ಎನ್ನುತ್ತಿದ್ದರು.

ಈಗ ನೋಡಿದರೆ ಅತ್ತೆಯ ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿನ ಪೊರೆ ತೆಗೆಯುವುದು ಮುಂದಿನ ತಿಂಗಳು, ಅಲ್ಲಿಯವರೆಗೆ ಅದು ಮಂಜು ಹಿಡಿದ ಕಿಟಕಿ. ಹೆಂಡತಿ ಶಾಲೆಗೆ ಪಾಠ ಮಾಡಲು ಹೊರಡುವಾಗ, ಗಂಟೆಗೊಮ್ಮೆ ಹನಿ ಹಾಕಬೇಕು, ಅಮ್ಮನಿಗೆ ಟಿವಿ ತೋರಿಸಿದರೆ ನೋಡಿ ಎಂದು ಗಂಡನಿಗೆ ಬೆರಳು ತೋರಿಸಿ ಹೋಗಿದ್ದಳು. ಅನೌನ್ಸರು ರಜೆ ಹಾಕಿದ್ದೇ ಆ ಹನಿಗಾಗಿ.

ಅವರು ಅತ್ತೆಯ ಮಂಚದ ಸುತ್ತ ನಾಲ್ಕು ಸುತ್ತು ಹಾಕಿದರು. ಕಾಲ ಸಪ್ಪಳ ಕೇಳಿಯೇ ಅತ್ತೆಗೆ ಎಲ್ಲ ಗೊತ್ತಾಯಿತು.

"ಸಿನಿಮಾ ಬಂದಿದೆ ಅಲ್ವಾ ಅಳಿಯಂದ್ರೇ? ನೀವು ನೋಡಿ ಹೇಳಿ, ನಾನು ಕೇಳಿ ಹೇಳ್ತೀನಿ."

"ನಾನಾ ಅತ್ತೆ?"

"ಮತ್ತೆ ಪಕ್ಕದ ಮನೆಯವರಾ?"

ಹನ್ನೊಂದು ಗಂಟೆಗೆ ಪರದೆಗಳನ್ನೆಲ್ಲ ಸರಿಸಿ, ಬಾಗಿಲು ತೆರೆದಿಟ್ಟು, ಇದ್ದ ದೀಪಗಳನ್ನೆಲ್ಲ ಹಾಕಿ ಅನೌನ್ಸರು ಸಿನಿಮಾ ಹಚ್ಚಿದರು. ಎರಡೂ ಕೈ ಮುಖ ಮುಚ್ಚಿಕೊಳ್ಳಲು ಬೇಕಿದ್ದರಿಂದ ಬರೆದುಕೊಳ್ಳುವ ಮಾತೇ ಇರಲಿಲ್ಲ. ಅತ್ತೆ ಹೇಳುವುದು ತಪ್ಪದಿರಲೆಂದು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಮೇಜಿನ ಮೇಲಿಟ್ಟರು.

ಸಿನಿಮಾದಲ್ಲಿ ಒಂದು ಹಳೆಯ ಮನೆ. ಬಾಡಿಗೆಗೆ ಬಂದ ಸಂಸಾರ. ಅಟ್ಟದ ಮೇಲೆ ಯಾರೋ ಬಡಿಯುವ ಸದ್ದು. ಎಂಟನೆಯ ನಿಮಿಷಕ್ಕೆ ಕನ್ನಡಿಯಲ್ಲಿ ಒಂದು ಮುದುಕಿಯ ಮುಖ ಕಂಡಿತು. ಅನೌನ್ಸರು ಕೂಗಿದರು.

ಮೂವತ್ತು ಬಸ್ಸುಗಳ ಎಂಜಿನ್ ಸದ್ದನ್ನು ಮೀರಿಸಲು ಪಳಗಿದ ಗಂಟಲು ಅದು. ಎರಡೇ ನಿಮಿಷದಲ್ಲಿ ವಸತಿ ಸಂಘದ ಕಾರ್ಯದರ್ಶಿ ಓಡಿಬಂದರು. ಮಲಗಿರುವ ಮುದುಕಿ, ಕಣ್ಣಿಗೆ ಪಟ್ಟಿ, ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಅಳಿಯ. ಅವರು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, "ಎಷ್ಟೊತ್ತಿಗೆ ಹೋದ್ರು?" ಎಂದರು.

"ಇನ್ನೂ ಇದೀನಿ, ಕೂತ್ಕೊಳ್ಳಿ" ಎಂದರು ಅತ್ತೆ. ಕಾರ್ಯದರ್ಶಿಗಳು ಕೂತದ್ದಲ್ಲ, ಕುಸಿದದ್ದು.

ಎರಡನೆಯ ಕೂಗಿಗೆ ಮೇಲ್ಮನೆಯ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ ಹಿಡಿದೇ ಇಳಿದು ಬಂದರು. ವಿಷಯ ತಿಳಿದ ಮೇಲೆ ಇಬ್ಬರೂ ಹೋಗಲಿಲ್ಲ. ಸಿನಿಮಾ ಅರ್ಧಕ್ಕೆ ಬಿಟ್ಟು ಏಳುವ ನೆರೆಹೊರೆ ಎಲ್ಲಿಯೂ ಇರುವುದಿಲ್ಲ.

"ಕನ್ನಡೀಲಿ ಕಂಡೋಳು ಏನು ಉಟ್ಟಿದಾಳೆ?" ಎಂದು ಅತ್ತೆ ಕೇಳಿದರು. ಅನೌನ್ಸರಿಗೆ ಬೆರಳ ಸಂದಿಯಲ್ಲಿ ಕಂಡದ್ದು ಬಿಳಿ ಎಂಬುದಷ್ಟೇ. ಟೈಲರಮ್ಮ ಮುಂದೆ ಬಗ್ಗಿ ನೋಡಿ, ಅಂಚನ್ನು ಕೈಯಲ್ಲೇ ಹೊಲಿದಿದ್ದಾರೆ, ಸಣ್ಣ ಸಣ್ಣ ಹೊಲಿಗೆ, ಯಾರೋ ಪ್ರೀತಿಯಿಂದ ಹೊಲಿದದ್ದು ಎಂದರು. ಕಾರ್ಯದರ್ಶಿಗಳ ತಕರಾರು ಬೇರೆ. ಅಟ್ಟದಲ್ಲಿ ಇನ್ನೊಬ್ಬರು ಇರುವುದನ್ನು ಮನೆ ಮಾಲೀಕ ಬಾಡಿಗೆ ಕರಾರಿನಲ್ಲಿ ಬರೆದಿರಲೇಬೇಕಿತ್ತು ಎಂದು ವಾದಿಸಿದರು. ಅನೌನ್ಸರು ನಡುನಡುವೆ ಕೂಗುತ್ತಲೇ ಇದ್ದರು. ಒಮ್ಮೆಯಂತೂ ಅತ್ತೆಯ ಕೈ ಹಿಡಿದು, "ಅತ್ತೆ, ಈ ವಿಮರ್ಶೆ ನನ್ನದಲ್ಲ, ಯಾವತ್ತೂ ನನ್ನದಾಗಿರ್ಲಿಲ್ಲ, ನನ್ನ ಬಿಟ್ಬಿಡಿ" ಎಂದು ಅತ್ತೇಬಿಟ್ಟರು.

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಅವರ ಗಮನವೆಲ್ಲ ಆ ಬಡಿತದ ಮೇಲಿತ್ತು.

"ಮೂರು ಸಲ ಬಡೀತಾಳೆ, ನಿಲ್ಲಿಸ್ತಾಳೆ, ಮತ್ತೆ ಮೂರು ಸಲ. ಕೇಳಿದ್ರಾ? ಹೆದರಿಸೋರು ಹಾಗೆ ನಿಲ್ಲಿಸಿ ಕಾಯಲ್ಲ. ಹಾಸಿಗೆ ಹಿಡಿದವರು ಹಾಗೆ ಕರೀತಾರೆ. ಅವಳಿಗೆ ಬಾಯಾರಿದೆ. ಯಾರಾದ್ರೂ ಒಂದು ಲೋಟ ನೀರು ಕೊಟ್ರಾ?"

ಯಾರೂ ಕೊಟ್ಟಿರಲಿಲ್ಲ. ಸಿನಿಮಾದ ಕೊನೆಯ ಹತ್ತು ನಿಮಿಷದಲ್ಲಿ ಆ ಮನೆಯ ಚಿಕ್ಕ ಹುಡುಗಿ ಅಟ್ಟ ಹತ್ತಿ ಒಂದು ಲೋಟ ನೀರಿಟ್ಟು ಬಂದಳು. ಬಡಿತ ನಿಂತಿತು. ಟೈಲರಮ್ಮ ಕಣ್ಣೊರೆಸಿಕೊಂಡರು. ಕಣ್ಣಿಲ್ಲದೆ ಕೂತವರು ಒಂದು ಗಂಟೆ ಮೊದಲೇ ಕಂಡದ್ದನ್ನು ಕಣ್ಣಿದ್ದವರು ಈಗ ಕಂಡರು. ಅತ್ತೆಗೆ ಮನಸ್ಸಿನಲ್ಲಿಯೇ ಕೈಮುಗಿಯದೆ ಇರಲು ಅಲ್ಲಿದ್ದ ಯಾರಿಂದಲೂ ಆಗಲಿಲ್ಲ.

ನೆರೆಯವರನ್ನು ಕಳಿಸಿ, ಹನಿ ಹಾಕಿ, ಊಟ ಮುಗಿಸುವಷ್ಟರಲ್ಲಿ ಎರಡೂವರೆ. ಅನೌನ್ಸರು ಅಲಮಾರಿ ಹೊಕ್ಕು, ಬೆಳಕಿನ ಒಂದು ಸೀಳು ಉಳಿಯುವಂತೆ ಬಾಗಿಲೆಳೆದುಕೊಂಡು ಹೊಸ ರೆಕಾರ್ಡಿಂಗ್ ಶುರುಮಾಡಿದರು. ಧ್ವನಿ ಮತ್ತೆ ಬಾವಿಗಿಳಿದಿತ್ತು. "ಸತ್ತವರು ನಮ್ಮನ್ನು ಕರೆಯುತ್ತಾರೆ. ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ನನಗೆ ಬಾಯಾರಿದೆ ಎಂದು ಅವಳು ಬಡಿಯುತ್ತಿದ್ದಾಳೆ." ವಿಮರ್ಶೆ ಮುಗಿಯುವ ಹೊತ್ತಿಗೆ, ಮರೆತುಹೋದ ಕನ್ನಡಕ ಹುಡುಕುತ್ತ ಕಾರ್ಯದರ್ಶಿಗಳು ಮತ್ತೆ ಒಳಬಂದರು. ನಡುವಯಸ್ಸಿನ ಕಬ್ಬಿಣದ ಅಲಮಾರಿಯೊಂದು ತನಗೆ ಬಾಯಾರಿದೆ ಎನ್ನುವುದನ್ನು ಕೇಳಿದರು. ಧೈರ್ಯಶಾಲಿಯಾದುದರಿಂದ ಓಡುವ ಮೊದಲು ಹೊರಗಿನ ಚಿಲಕ ಹಾಕಿದರು.

ಒಳಗೆ ಕತ್ತಲು. ಹಿಡಿಕೆ ತಿರುಗದು. ಅನೌನ್ಸರು ಮೊದಲು ತಳ್ಳಿದರು, ಆಮೇಲೆ ಬಡಿದರು. ಮೂರು ಸಲ ಬಡಿದು, ನಿಲ್ಲಿಸಿ, ಮತ್ತೆ ಮೂರು ಸಲ. ಅತ್ತೆ ಗೋಡೆ ಹಿಡಿದು ಬಂದು ಚಿಲಕ ತೆಗೆದಾಗ ಅವರ ಇನ್ನೊಂದು ಕೈಯಲ್ಲಿ ಒಂದು ಲೋಟ ನೀರಿತ್ತು.

ಗಡಿಯಾರದಲ್ಲಿ ಮೂರಕ್ಕೆ ಒಂದೇ ನಿಮಿಷ ಉಳಿದಿತ್ತು. ಫೋನಿನಲ್ಲಿ ಇವತ್ತಿನ ತಾರೀಖಿನದೇ ಎರಡು ರೆಕಾರ್ಡಿಂಗು, ಒಂದರ ಕೆಳಗೊಂದು. ಅವಸರದ ಹೆಬ್ಬೆರಳು ಒಂದನ್ನು ಒತ್ತಿತು, ಕಳಿಸಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಅನೌನ್ಸರು ಕುರ್ಚಿಯಲ್ಲಿಯೇ ನಿದ್ದೆಹೋದರು.

ಎಬ್ಬಿಸಿದವಳು ಹೆಂಡತಿ. ಸಂಜೆ ಐದೂವರೆ. ಅವಳ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

"ಸ್ಟಾಫ್ ರೂಮಲ್ಲಿ ಎಲ್ರೂ ಕೇಳಿದ್ವಿ ರೀ. ನಿಮ್ಮ ಕೂಗು ಎಂಟು ಸಲ ಬಂತು. ಹೆಡ್‌ಮಾಸ್ಟರು ಎಣಿಸಿದ್ರು."

ಕಳಿಸಿದ್ದು ಅಲಮಾರಿಯದಲ್ಲ, ಮೇಜಿನ ಮೇಲಿನದು. ಹುಡುಗಿ ಅದನ್ನು ಅರ್ಧ ಗಂಟೆಗೆ ಕತ್ತರಿಸಿ ಪ್ರಸಾರ ಮಾಡಿದ್ದಳು. ಕೂಗು, ಕಾರ್ಯದರ್ಶಿಗಳ ಕರಾರು, ವಿಮರ್ಶೆ ನನ್ನದಲ್ಲ ಎಂಬ ಅಳು, ಒಂದನ್ನೂ ಬಿಟ್ಟಿರಲಿಲ್ಲ. ಭಯವೆಂಬುದೇ ಗೊತ್ತಿಲ್ಲದ ಮನುಷ್ಯ ಊರ ತುಂಬ ಕಿರುಚಿಯಾಗಿತ್ತು.

ಫೋನ್ ಬಡಿದುಕೊಂಡಿತು. ಹುಡುಗಿಯದೇ. ಅನೌನ್ಸರು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು. ಎರಡು ಸಾವಿರ ಜನ ಬರೆದಿದ್ದಾರೆ, ಇಂಥ ಕಾರ್ಯಕ್ರಮ ನಾವು ಮಾಡಿಯೇ ಇಲ್ಲ, ಕಾಯಂ ಎಂದದ್ದು ಕಾಯಂ ಎಂದಳು.

"ನಾನಾ?" ಎಂದರು ಅನೌನ್ಸರು, ಕಣ್ಣಲ್ಲಿ ನೀರು ತುಂಬಿ.

"ಅಮ್ಮ ಸಾರ್. ಕಾಯಂ ವಿಮರ್ಶಕರು ಅವರು. ಆದ್ರೆ ನೀವಿಲ್ದೆ ಆಗಲ್ಲ. ಅವರ ಕಣ್ಣು ವಾಸಿಯಾದ್ರೂ ಪಟ್ಟಿ ಕಟ್ಕೊಂಡೇ ಕೇಳ್ಬೇಕು, ನೀವು ಪಕ್ಕದಲ್ಲಿ ಕೂತು ನೋಡಿ ಹೇಳ್ಬೇಕು. ವಾರಕ್ಕೊಂದು ಸಿನಿಮಾ. ಕೂಗೋದನ್ನ ಮಾತ್ರ ಕಮ್ಮಿ ಮಾಡ್ಬೇಡಿ."

ಆಗುವುದಿಲ್ಲ ಎಂದು ಹೇಳಲು ಅನೌನ್ಸರು ಅತ್ತೆಯ ಕಡೆ ತಿರುಗಿದರು. ಮೂವತ್ತು ವರ್ಷ ಯಾರ ಚಪ್ಪಾಳೆಯೂ ಇಲ್ಲದೆ ದುಡಿದ ಆ ಜೀವ, ಪಟ್ಟಿಯ ಕೆಳಗೆ ಮುಖ ಅರಳಿಸಿಕೊಂಡು, ನನ್ನ ಹೆಸರನ್ನು ಹೇಳುತ್ತಾರಂತಾ ಎಂದು ಮಗಳನ್ನು ಮೆಲ್ಲಗೆ ಕೇಳುತ್ತಿತ್ತು. ಅನೌನ್ಸರು ಈ ಸಲವೂ ಎದೆಯನ್ನು ಕೇಳದೆ ಹೂಂ ಎಂದರು.

"ಮುಂದಿನ ವಾರದ್ದು ಈಗ್ಲೇ ಕಳಿಸಿದೀನಿ, ನಿಮಗಂತಾನೇ ಆರಿಸಿದ್ದು" ಎಂದು ಹುಡುಗಿ ಫೋನಿಟ್ಟಳು.

ಅನೌನ್ಸರು ಫೋನನ್ನು ಒಂದು ಕೈದೂರ ಹಿಡಿದು ನೋಡಿದರು. ಪೋಸ್ಟರಿನಲ್ಲಿ ಖಾಲಿ ಬಸ್ ನಿಲ್ದಾಣ. ನಡುವೆ ನಾಲ್ಕೂ ಕಡೆ ಗಾಜಿನ ಕೋಣೆ, ಅದರೊಳಗೆ ಮೈಕಿನ ಮುಂದೆ ಒಬ್ಬ ಮನುಷ್ಯ. ಅವನ ಹಿಂದೆ, ಹೆಗಲ ಮೇಲೆ, ಯಾರದೋ ಐದು ಬೆರಳು.

"ಏನಿದೆ ಅಳಿಯಂದ್ರೇ ಅದರಲ್ಲಿ?" ಎಂದರು ಅತ್ತೆ, ದಿಂಬಿಗೊರಗಿ ಸರಿಯಾಗಿ ಕೂತುಕೊಳ್ಳುತ್ತ.

ಅನೌನ್ಸರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ನಾಳೆ ಬೆಳಗ್ಗೆ ಆರಕ್ಕೆ ನಿಲ್ದಾಣದ ಗಾಜಿನ ಕೋಣೆಯಲ್ಲಿ ಅವರ ಪಾಳಿ ಇತ್ತು.