ಒಂದು ಕಪ್ ಸಕ್ಕರೆ, ಇನ್ನೂರು ಗ್ರಾಂ

ಸಕ್ಕರೆಯನ್ನು ಕಪ್ಪಿನಿಂದ ಗ್ರಾಮಿಗೆ ತರುವುದು ಮಕ್ಕಳ ಲೆಕ್ಕ ಅಂತ ನಂಬಿದ್ದವಳು ನಾನು. ಬೇಗೂರಿನ ಬಾಡಿಗೆ ಮನೆಯಲ್ಲಿ ಶನಿವಾರದ ಕೇಕ್ ಕ್ಲಾಸ್ ಶುರು ಮಾಡಿದ ಮೇಲೆ ಆ ನಂಬಿಕೆ ವಾರವಾರವೂ ಅಷ್ಟಷ್ಟು ಕರಗುತ್ತಿದೆ. ನಾನು ಹೇಳಿಕೊಡುವುದು ಇಷ್ಟೇ: ಒಂದು ಕಪ್ ಸಕ್ಕರೆ ಅಂದರೆ ಇನ್ನೂರು ಗ್ರಾಂ. ಕೇಳಿಸಿಕೊಂಡವರು ಮಾಡುವುದು ಬೇರೆಯೇ.

ಕ್ಲಾಸಿಗೆ ಸೇರಿದವರಲ್ಲಿ ಕೆಳಗಿನ ಮನೆಯ ಓನರ್ ಆಂಟಿಯೂ ಒಬ್ಬರು. ಬೇಗೂರಿನ ಹಳೇ ಒಕ್ಕಲು ಮನೆತನ. ಮಗಳನ್ನು ಕೊಟ್ಟಿರುವುದು ಮಾದನಾಯಕನಹಳ್ಳಿಯಲ್ಲಿ ಬೇಕರಿ ಇಟ್ಟವರ ಮನೆಗೆ. ಮೊಮ್ಮಗನ ಮೊದಲ ಹುಟ್ಟುಹಬ್ಬ ಆಂಟಿಯ ಮನೆಯಲ್ಲೇ ಅಂತ ನಿಶ್ಚಯವಾಗಿತ್ತು. ಕೇಕ್ ನಾವೇ ತರುತ್ತೇವೆ, ನಿಮಗೆ ಅದೆಲ್ಲ ಯಾಕೆ ಅಂದಿದ್ದರಂತೆ ಬೀಗರು. ಆ ಮಾತು ಆಂಟಿಗೆ ನಾಟಿಬಿಟ್ಟಿತು. ಕೇಕ್ ನಾನೇ ಮಾಡುವುದು, ಬೀಗರ ಮುಂದೆ ನನ್ನ ಮರ್ಯಾದೆ ಇನ್ನು ನಿಮ್ಮ ಕೈಲಿ ಅಂತ ಹೇಳಿ, ಸೆರಗು ಸಿಕ್ಕಿಸಿಕೊಂಡು ಮೊದಲ ಸಾಲಿನಲ್ಲಿ ಕೂತರು. ನನ್ನ ಕ್ಲಾಸಿನಲ್ಲಿ ಇರುವುದೇ ಒಂದು ಸಾಲು.

ಶೀಟ್ ತಪ್ಪಿಲ್ಲ

ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರ್ ಒಬ್ಬರು ಬರುತ್ತಿದ್ದರು. ಹೆಂಡತಿಗೆ ಗೊತ್ತಿಲ್ಲದ ಹಾಗೆ ಕೇಕ್ ಮಾಡಿ ಬೆರಗುಗೊಳಿಸಬೇಕು ಅನ್ನುವ ಆಸೆ. ಮೊದಲ ದಿನವೇ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ತೆರೆದರು. ಯಾವ ಸಾಮಾನು ಎಷ್ಟು ಕಪ್ ಅಂತ ಹಾಕಿದರೆ ಗ್ರಾಂ ತಾನೇ ಬರುತ್ತದಂತೆ. ನಾನೂ ಮೆಚ್ಚಿಕೊಂಡೆ.

ಮುಂದಿನ ವಾರ ಒಂದು ತುಂಡು ಕೇಕ್ ತಂದರು. ಬಾಯಿಗಿಟ್ಟರೆ ಹಲ್ಲು ಜುಮ್ಮೆಂದಿತು. ವಿಚಾರಿಸಿದರೆ, ಕಪ್ಪಿಗೆ ನೀರು ತುಂಬಿ ತೂಗಿದ್ದಾರೆ, ಇನ್ನೂರನಲವತ್ತು ಗ್ರಾಂ ಬಂದಿದೆ. ಅದನ್ನೇ ಎಲ್ಲ ಸಾಮಾನಿಗೂ ಅನ್ವಯಿಸಿದ್ದಾರೆ. ಸಕ್ಕರೆ ಪುಡಿ ಒಂದು ಕಪ್ಪಿಗೆ ನೂರಿಪ್ಪತ್ತು ಗ್ರಾಂ ಸಾಕು, ನೀವು ಅದರ ಎರಡರಷ್ಟು ಸುರಿದಿದ್ದೀರಿ ಅಂದೆ. ಅವರು ಶೀಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಶೀಟಲ್ಲಿ ಏನೂ ತಪ್ಪಿಲ್ಲ ಮೇಡಂ," ಅಂದರು. "ಸಕ್ಕರೆ ಪುಡೀಲೇ ಏನೋ ಪ್ರಾಬ್ಲಮ್ ಇದೆ."

ಮಿಕ್ಸಿಯ ಲಾಭ

ಎದುರು ಅಪಾರ್ಟ್‌ಮೆಂಟಿನ ದಾವಣಗೆರೆ ಕಡೆಯ ಅಕ್ಕನಿಗೆ ಈ ಪುಡಿ ಸಕ್ಕರೆ ಸಮಾಚಾರ ಕೇಳಿ ಕುತೂಹಲ ಹುಟ್ಟಿತು. ಮನೆಗೆ ಹೋಗಿ ಒಂದು ಕಪ್ ಸಕ್ಕರೆಯನ್ನು ಮಿಕ್ಸಿಗೆ ಹಾಕಿ ನೋಡಿದ್ದಾರೆ. ಪುಡಿಯನ್ನು ಅದೇ ಕಪ್ಪಿನಲ್ಲಿ ಅಳೆದರೆ ಒಂದು ತುಂಬಿ, ಇನ್ನೊಂದು ಅರ್ಧಕ್ಕಿಂತ ಮೇಲೆ ಬಂದಿದೆ. ನನಗೆ ಕೂಡಲೇ ಫೋನು. ತೂಕ ಅಷ್ಟೇ ಇರುತ್ತದೆ, ಪುಡಿ ಹಗುರವಾಗಿ ಜಾಗ ಹಿಡಿಯುತ್ತದೆ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ.

"ಅಲ್ರೀ, ಇಷ್ಟು ವರ್ಷ ಇಡೀ ಸಕ್ರಿ ತಿಂದು ಎಷ್ಟು ಲುಕ್ಸಾನ್ ಮಾಡ್ಕೊಂಡ್ವಿ ನೋಡ್ರಿ," ಅಂದರು ಅಕ್ಕ.

ಬೀಗರು ಬಂದ ದಿನ

ಓನರ್ ಆಂಟಿಯ ತೊಂದರೆಯೇ ಬೇರೆ. ಅವರು ಕಪ್ಪಿಗೆ ಸಕ್ಕರೆ ತುಂಬಿದರೆ ಮೇಲೊಂದು ಗೋಪುರ ಏಳಲೇಬೇಕು. ತಲೆ ಸವರಿ ಅಳೆಯುವುದು ಅವರ ವಂಶದಲ್ಲೇ ಇಲ್ಲವಂತೆ. ಸಕ್ಕರೆ ಹೆಚ್ಚಾಗಿ ಕೇಕು ವಾರವಾರವೂ ನಡುಮಧ್ಯೆ ಕುಸಿದು ಕೂರುತ್ತಿತ್ತು.

ಸಾಕಪ್ಪಾ ಅಂತ ಕಪ್ ಕಿತ್ತುಕೊಂಡು, ಅವರ ಮುಂದೆ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟೆ. ಇನ್ನೂರು ಗ್ರಾಂ ಸರಿಯಾಗಿ ತೂಗಿದರು. ನಾನು ಬೆನ್ನು ತಿರುಗಿಸುವಷ್ಟರಲ್ಲಿ ಡಬ್ಬದಿಂದ ಒಂದು ಹಿಡಿ ತೆಗೆದು ಅದರ ಮೇಲೆ ಹಾಕಿಬಿಟ್ಟರು. ಇದೇನು ಅಂದರೆ, ಕೊಸರು. ಸೊಪ್ಪಿನವಳೂ ಅಳೆದ ಮೇಲೆ ನಾಲ್ಕು ಕಡ್ಡಿ ಕೊಸರು ಹಾಕುತ್ತಾಳೆ, ಮೊಮ್ಮಗನ ಕೇಕಿಗೆ ಬರೀ ತೂಕ ಹಾಕಲೇ ಅಂತ ನನ್ನನ್ನೇ ಕೇಳಿದರು. ನನಗೆ ರೇಗಿತು. ಆದರೆ ಬಾಡಿಗೆ ಮನೆಯಲ್ಲಿ ಓನರಿಗೆ ಎಷ್ಟು ಅಂತ ರೇಗುವುದು?

ಉಪಾಯ ಮಾಡಿದೆ. ಅವರ ಹಿಡಿಯನ್ನು ಗುಟ್ಟಾಗಿ ತೂಗಿದರೆ ಐವತ್ತು ಗ್ರಾಂ. ಅಳತೆ ಬದಲಾಗಿದೆ, ಇನ್ನು ನೂರೈವತ್ತೇ ಹಾಕಿ ಅಂದೆ. ಅವರು ನೂರೈವತ್ತು ತೂಗಿದರು, ಕೊಸರು ಹಾಕಿದರು, ಲೆಕ್ಕ ಇನ್ನೂರಕ್ಕೆ ಕೂತಿತು. ಕೇಕ್ ಹೂವಿನ ಹಾಗೆ ಉಬ್ಬಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಹುಟ್ಟುಹಬ್ಬದ ದಿನ ನನಗೂ ಕರೆ ಬಂತು. ಬೇಕರಿ ಬೀಗರು ನಡುಮನೆಯ ಸೋಫಾದಲ್ಲಿ ಕೂತಿದ್ದರು. ಎಲ್ಲರ ತಟ್ಟೆಗೂ ಕೇಕ್ ಬಂತು. ಆಂಟಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇವತ್ತು ನೀವು ಏಳಿದ್ದಷ್ಟೇ ಕಣಮ್ಮ. ಕೊಸರು ಒಂದು ಅರಳೂ ಆಕಿಲ್ಲ. ದೊಡ್ಡ ದಿನ, ಗುರುಗಳ ಮಾತು ಮೀರಬಾರ್ದು."

ಅಂದರೆ ಕೇಕಿಗೆ ಬಿದ್ದಿರುವುದು ಬರೀ ನೂರೈವತ್ತು ಗ್ರಾಂ. ಬೀಗರು ಒಂದು ತುಂಡು ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ಚೆನ್ನಾಗೇ ಬೆಂದಿದೆ, ಸಕ್ಕರೆ ಮಾತ್ರ ಸಾಲದು ಅಂದರು. ಮಗಳು ತಲೆ ತಗ್ಗಿಸಿದಳು. ಆಂಟಿ ಎದ್ದು ಒಳಗೆ ಹೋದರು. ಅಳುವುದಕ್ಕೇ ಹೋದರು, ಎಲ್ಲ ನನ್ನಿಂದ ಅಂತ ಸಂಕಟವಾಯಿತು.

ಆಂಟಿ ಸಕ್ಕರೆ ಡಬ್ಬ ಹಿಡಿದು ಹೊರಗೆ ಬಂದರು. ಬೀಗರ ತುಂಡಿನ ಮೇಲೆ ಒಂದು ಚಮಚ ಧಾರಾಳವಾಗಿ ಉದುರಿಸಿದರು.

"ತೂಕದ್ದು ಒಳಗೈತೆ ಬೀಗರೇ. ಇದು ಕೊಸರು. ತಗೊಳೋರ ಕಣ್ಣೆದುರಿಗೆ ಆಕಬೇಕಲ್ವಾ?"

ಬೀಗರು ಕರಕರ ಅಂತ ಅಗಿದು ಮುಗಿಸಿ, ತಟ್ಟೆಯನ್ನು ಮತ್ತೆ ಮುಂದೆ ಹಿಡಿದರು. ಆಂಟಿ ಇನ್ನೊಂದು ತುಂಡು ಇಟ್ಟು, ಅದರ ಮೇಲೂ ಒಂದು ಚಮಚ ಉದುರಿಸುತ್ತಾ ಮೆಲ್ಲಗೆ ಕೇಳಿದರು:

"ಯಾಕೆ, ನಿಮ್ಮ ಬೇಕರೀಲಿ ಕೊಸರು ಕೊಡಾಕಿಲ್ವಾ?"